ಹುಸಿ ಬನ್ನಿ

ಈ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಪರೀಕ್ಷಕಿಯಾಗಿ ನನ್ನನ್ನು ದೇವದುರ್ಗಕ್ಕೆ ಹಾಕಿದರು. ಆದೇಶದಲ್ಲಿ ಕಾಲೇಜಿನ ಹೆಸರು ಓದಿದ ಕೂಡಲೇ ಬದಲಿಸಿಕೊಳ್ಳೋಣ ಅನ್ನಿಸಿತು. ಬದಲಿಸಿಕೊಳ್ಳಲಿಲ್ಲ. ಐದು ವರ್ಷದ ಹಿಂದೆ ಅದೇ ಕಾಲೇಜಿನಲ್ಲಿ ಒಂದು ವರ್ಷ ಅತಿಥಿ ಉಪನ್ಯಾಸಕಿಯಾಗಿ ಜೀವಶಾಸ್ತ್ರ ಕಲಿಸಿದ್ದೆ. ಹೆದರಿ ತಪ್ಪಿಸಿಕೊಂಡಳು ಎಂದು ಅಲ್ಲಿಯವರು ಅಂದುಕೊಳ್ಳುವುದು ನನಗೆ ಬೇಕಿರಲಿಲ್ಲ.

ರಾಯಚೂರಿನಿಂದ ಬೆಳಗಿನ ಬಸ್ಸು ಹಿಡಿದೆ. ಕಲ್ಮಲ ದಾಟುವ ಹೊತ್ತಿಗೇ ಕಿಟಕಿಯ ಕಂಬಿ ಕೈಗೆ ಸುಡುತ್ತಿತ್ತು. ಕಾಲೇಜಿನಲ್ಲಿ ಅಟೆಂಡರ್ ಮೌನೇಶ ಪ್ರಯೋಗಾಲಯದ ಕಪಾಟು ತೆಗೆದ. ಡಾಂಬರ್ ಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಮಾದರಿಗಳನ್ನು ಅವನು ಒಂದೊಂದಾಗಿ ಮೇಜಿನ ಮೇಲೆ ಹಾಸಿದ. ಪರೀಕ್ಷೆಗೆಂದು ಹೆಸರು ಕಾಣದಂತೆ ಆ ಮೂಲೆಗೆ ಬಿಳಿ ಚೀಟಿ ಅಂಟಿಸಿದ್ದರು. ಅವುಗಳಲ್ಲಿ ಒಂದು ರೆಂಬೆಯನ್ನು ಗುರುತಿಸಲು ನನಗೆ ಹೆಸರು ಬೇಕಿರಲಿಲ್ಲ. ಅದು ಯಾವ ಗಿಡದ್ದು, ಯಾವ ಬೆಳಿಗ್ಗೆ ಮುರಿದದ್ದು, ಯಾರು ಮುರಿದದ್ದು, ಎಲ್ಲ ನನಗೆ ಗೊತ್ತಿತ್ತು.

ಹುಡುಗರು ಬಂದರು. ಮಲ್ಲಟದ ಕಡೆಯ ಹುಡುಗಿಯೊಬ್ಬಳ ಮುಂದೆ ಆ ಹಾಳೆ ಇಟ್ಟು ಏನಿದು ಎಂದು ಕೇಳಿದೆ.

"ಹುಸಿ ಬನ್ನಿರಿ, ಮೇಡಂ."

"ಯಾರು ಹೇಳಿದ್ರು?"

"ಪುಸ್ತಕದಾಗ ಅದರಿ."

"ನಿಮ್ಮೂರಾಗ ಇದಕ್ಕ ಏನಂತಾರ?"

ಹುಡುಗಿ ನಾಚಿಕೊಂಡಳು. "ನಮ್ಮೂರಾಗ ಬನ್ನಿ ಅಂತಾರ್ರಿ. ಅದು ತಪ್ಪಂತ್ರಿ."

ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಆ ಹೆಸರನ್ನು ಹುಟ್ಟಿಸಿದ ಪ್ರಹ್ಲಾದಾಚಾರ್ ಸರ್ ಮೇಲೆ ಇದೆ. ಐದು ವರ್ಷದಲ್ಲಿ ಅದು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಕಡಿಮೆ ಮಾಡಿಕೊಳ್ಳಲಿಕ್ಕೆ ಇದನ್ನು ಬರೆಯುತ್ತಲೂ ಇಲ್ಲ.

ಆಚಾರ್ ಸರ್ ಮಾನ್ವಿಯವರು. ಅವರ ಮನೆತನದ್ದು ಗುಡಿಯ ಪೂಜೆ. ಅಣ್ಣ ಪೂಜೆ ಹಿಡಿದರೆ ಇವರು ಜೀವಶಾಸ್ತ್ರ ಹಿಡಿದರು. ಮೂವತ್ತು ವರ್ಷ ಕಲಿಸಿದರು, ನಾನು ಸೇರಿದಾಗ ದೇವದುರ್ಗದ ಕಾಲೇಜಿನಲ್ಲೇ ಇದ್ದರು. ನಮ್ಮ ಜಿಲ್ಲೆಯ ನಾಡಗಿಡಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದವರು ಎಂದು ರಾಯಚೂರಿನ ಯಾವ ಶಾಲೆಗೆ ಹೋದರೂ ಅವರ ಹೆಸರು ಹೇಳುತ್ತಿದ್ದರು. ಸಣಕಲು ಆಳು. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಹೆಗಲಿನ ಚೀಲದಲ್ಲಿ ಎಲೆ ಒಣಗಿಸಲಿಕ್ಕೆ ಹಳೆಯ ಪೇಪರು. ಹೊಲದ ನಡುವೆ ಬಸ್ಸು ನಿಲ್ಲಿಸಿ ಇಳಿದುಬಿಡುತ್ತಿದ್ದರು. ಕಂಡಕ್ಟರುಗಳು ಅವರಿಗೆ ಎಲಿ ಆಚಾರ್ ಎಂದು ಹೆಸರಿಟ್ಟಿದ್ದರು. ಅವರಿಗದು ಗೊತ್ತಿತ್ತು, ಇಷ್ಟವೂ ಆಗಿತ್ತು.

ನಾನು ಜುಲೈ ಮೊದಲ ವಾರ ಕೆಲಸಕ್ಕೆ ಸೇರಿದೆ. ಆ ವರ್ಷ ಮಳೆ ಬೇಗ ಹಿಡಿದಿತ್ತು. ದೇವದುರ್ಗದ ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಕಿಲೋ ತೂಗುತ್ತಿತ್ತು. ಮೂರನೆಯ ದಿನ ನನ್ನ ಪಾಠದ ನಡುವೆ ಆಚಾರ್ ಸರ್ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಬೋರ್ಡಿನ ಮೇಲೆ ಒಂದು ಗಿಡದ ಕನ್ನಡ ಹೆಸರು ಬರೆದಿದ್ದೆ. ಪಾಠ ಮುಗಿದ ಮೇಲೆ ಹುಡುಗರ ಎದುರಿಗೇ ಕೇಳಿದರು.

"ಈ ಹೆಸರು ಎಲ್ಲಿಂದ ತಂದ್ರಿ?"

"ಪಠ್ಯಪುಸ್ತಕದಾಗಿಂದ್ರಿ ಸರ್."

"ಮೇಡಂಗ ಪುಸ್ತಕ ಗೊತ್ತದ," ಎಂದರು ಹುಡುಗರ ಕಡೆ ತಿರುಗಿ, "ಗಿಡ ಗೊತ್ತಿಲ್ಲ."

ಹುಡುಗರು ನಕ್ಕರು. ಆ ದಿನದ ಡೈರಿಯಲ್ಲಿ ಇದೊಂದೇ ಸಾಲು ಇದೆ. ಅದರ ಕೆಳಗೆ ಅಡ್ಡಗೆರೆ ಎಳೆದಿದ್ದೇನೆ.

ಮರುದಿನ ಅವರೇ ಕರೆದು ತಮ್ಮ ನೇಮ ಹೇಳಿಕೊಟ್ಟರು. ಅವರ ಪುಸ್ತಕದಲ್ಲಿ ಒಂದು ಹೆಸರು ಸೇರಬೇಕಾದರೆ ಅದು ಮೂರು ಊರಿನ ಮೂರು ಬಾಯಲ್ಲಿ ಬಂದಿರಬೇಕು. ಕೇಳುವವರು ರೆಂಬೆ ತೋರಿಸಿ ಸುಮ್ಮನೆ ನಿಲ್ಲಬೇಕು. ಇದು ಇಂಥದ್ದಾ ಎಂದು ಕೇಳುವಂತಿಲ್ಲ. "ಹೆಸರು ನಾವು ಬಾಯಿಗೆ ಹಾಕಬಾರದ್ರಿ ಮೇಡಂ. ಬಾಯಾಗಿಂದ ತಗೀಬೇಕು. ಒಂದು ಬಾಯಿ ಅಂದ್ರ ಬಾಯಲ್ಲ, ಎರಡು ಅಂದ್ರ ಗಾಳಿಮಾತು, ಮೂರಾದ್ರ ಹೆಸರು."

ಪುಸ್ತಕದ ಎರಡನೆಯ ಮುದ್ರಣಕ್ಕೆ ಅವರು ತಯಾರಿ ನಡೆಸಿದ್ದರು. ಮೊದಲನೆಯದರಲ್ಲಿ ಕನ್ನಡ, ತೆಲುಗು ಹೆಸರುಗಳಿದ್ದವು. ದಖ್ಖನಿ ಹೆಸರುಗಳೂ ಸೇರಬೇಕೆಂದು ಅವರ ಆಸೆ. "ಉರ್ದು ಮೇಷ್ಟ್ರನ್ನ ಕೇಳಿದೆ. ಅವರು ನಿಘಂಟು ತಗದು ಹೇಳಾಕತ್ರು. ನನಗ ಅಡಿಗಿಮನಿ ಹೆಸರು ಬೇಕು," ಎಂದರು. ನಮ್ಮ ಮನೆ ರಾಯಚೂರಿನ ತೀನ್ ಕಂದೀಲ್ ಹತ್ತಿರ, ಅಬ್ಬಾನದು ಒಣಮೆಣಸಿನಕಾಯಿ ವ್ಯಾಪಾರ. ಮನೆಯಲ್ಲಿ ಆಡುವುದು ದಖ್ಖನಿಯೇ. ಹೀಗಾಗಿ ನಾನು ಅವರಿಗೆ ಬೇಕಾದೆ. ಬೇಕಾದೆ ಎಂದು ಅವರ ನಾಲಿಗೆಯೇನೂ ಮೆತ್ತಗಾಗಲಿಲ್ಲ. ನಾನು ಬರೆದು ತಂದ ಹಾಳೆಗಳ ಮೇಲೆ ಕೆಂಪು ಪೆನ್ಸಿಲ್ ಎಳೆಯುತ್ತ, "ಇದೇನು ಇರವಿ ಸಾಲ ಹೊಂಟಂಗ ಅಕ್ಷರ," ಎನ್ನುತ್ತಿದ್ದರು.

ಒಂದು ಮಾತು ನ್ಯಾಯಕ್ಕೆ ಬರೆಯಬೇಕು. ಜಾತಿ, ಧರ್ಮದ ಸಣ್ಣತನ ಅವರಲ್ಲಿ ಇರಲಿಲ್ಲ. ನನ್ನ ಡಬ್ಬಿಯ ಅನ್ನ ತಿನ್ನುತ್ತಿರಲಿಲ್ಲ, ಯಾರ ಡಬ್ಬಿಯದ್ದೂ ತಿನ್ನುತ್ತಿರಲಿಲ್ಲ. ಆದರೆ ನನ್ನ ಮಾತನ್ನು ಬೇರೆಯವರ ಮಾತಿನಷ್ಟೇ ಗಂಭೀರವಾಗಿ ಕೇಳಿ, ಬೇರೆಯವರ ಮಾತಿನಷ್ಟೇ ಒರಟಾಗಿ ತಿದ್ದುತ್ತಿದ್ದರು. ಸಣ್ಣತನ ಇದ್ದಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು.

ಆಗಸ್ಟಿನ ಭಾನುವಾರಗಳೆಲ್ಲ ಊರು ಸುತ್ತುವುದರಲ್ಲಿ ಹೋದವು. ಚೀಲದಲ್ಲಿ ರೆಂಬೆಗಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೊಪ್ಪುಗಳು. ಡೈರಿಯ ಒಂದೊಂದು ಪುಟಕ್ಕೆ ಒಂದೊಂದು ಗಿಡ. ತಾರೀಖು, ಊರು, ಹೇಳಿದವರು, ಹೇಳಿದ್ದು. ಆ ಕೆಲಸ ನನಗೆ ಹಿಡಿಸಿತ್ತು ಎಂದು ಹೇಳಲು ಈಗಲೂ ನಾಚಿಕೆಯಿಲ್ಲ. ಯಾರೂ ಹೇಳಿಕೊಡದೆ, ಒಬ್ಬರನ್ನೊಬ್ಬರು ಕಾಣದ ಮೂವರು ಒಂದೇ ಹೆಸರು ಹೇಳಿದಾಗ ಮೈ ಜುಂ ಎನ್ನುತ್ತಿತ್ತು.

ಪ್ರಯೋಗಾಲಯದ ಪಶ್ಚಿಮಕ್ಕೆ ಆಗ ಒಂದು ಗಿಡ ಇತ್ತು. ನಮ್ಮ ಕಡೆ ಎಷ್ಟೇ ದೊಡ್ಡದಿದ್ದರೂ ಗಿಡವೇ, ಮರ ಎನ್ನುವುದಿಲ್ಲ. ಇಬ್ಬರು ಕೈ ಹಿಡಿದರೆ ತಬ್ಬಬಹುದಾದ ಬೊಡ್ಡೆ, ತೊಗಟೆಯ ಸೀಳಿನಲ್ಲಿ ತುಕ್ಕಿನ ಕೆಂಪು. ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲು. ಮಧ್ಯಾಹ್ನ ಎರಡರ ಮೇಲೆ ಅದರ ನೆರಳು ನಮ್ಮ ಕಿಟಕಿ ದಾಟಿ ಬಂದು ಮೇಜಿನ ಮೇಲೆ ಬೀಳುತ್ತಿತ್ತು. ಕಾಲೇಜಿನವರು, ಹಿಂದಿನ ಓಣಿಯವರು, ಎಲ್ಲರೂ ಅದಕ್ಕೆ ಬನ್ನಿ ಎನ್ನುತ್ತಿದ್ದರು. ದಸರೆಯ ಸಂಜೆ ಓಣಿಯ ಮಂದಿ ಅಲ್ಲಿಗೇ ಬಂದು ಎಲೆ ಕಿತ್ತು ಒಬ್ಬರಿಗೊಬ್ಬರು ಕೊಡುತ್ತಿದ್ದರು.

ಆಚಾರ್ ಸರ್ ಪುಸ್ತಕದಲ್ಲಿ ಅದು ಬನ್ನಿಯಲ್ಲ. ಬನ್ನಿ ಎಂದರೆ ಪ್ರೊಸೊಪಿಸ್ ಸಿನರೇರಿಯಾ ಒಂದೇ, ಶಮಿ. ಅದರ ಮುಳ್ಳು ರೆಂಬೆಯ ಮೇಲೆ ಎಲ್ಲೆಂದರಲ್ಲಿ ಏಳುತ್ತದೆ, ಕಾಯಿ ಸಪೂರ, ಗುಂಡಗೆ ಜೋತಾಡುತ್ತದೆ. ನಮ್ಮ ಕಾಲೇಜಿನದು ಅಕೇಶಿಯಾ ಫೆರುಜಿನಿಯಾ. ಅದರ ಮುಳ್ಳು ಎಲೆಯ ಬುಡದಲ್ಲಿ ಜೋಡಿಯಾಗಿ ಏಳುತ್ತದೆ, ಕಾಯಿ ಚಪ್ಪಟೆ. ಎರಡೂ ಇಲ್ಲಿಯವೇ, ಎರಡೂ ಎಲ್ಲಿಂದಲೋ ಬಂದವಲ್ಲ. ಇದರಲ್ಲಿ ತಕರಾರಿಲ್ಲ. ಆ ಎರಡನೆಯದಕ್ಕೆ ಅವರು ಕೊಟ್ಟ ಕನ್ನಡ ಹೆಸರು ಹುಸಿ ಬನ್ನಿ. ಉಳಿದೆಲ್ಲ ಹೆಸರುಗಳ ಪಕ್ಕ ಊರುಗಳ ಹೆಸರಿದ್ದವು. ಇದರ ಪಕ್ಕ ಒಂದೂ ಇರಲಿಲ್ಲ.

ನಾನು ರೆಂಬೆ ಮುರಿದುಕೊಂಡು ಹೊರಟೆ. ಕಲ್ಮಲದಲ್ಲಿ ಮೂವರನ್ನು ಕೇಳಿದೆ, ಮೂವರೂ ಬನ್ನಿ ಎಂದರು. ಮಲ್ಲಟದಲ್ಲಿ ನಾಲ್ವರು, ಬನ್ನಿ. ಚೀಕಲಪರ್ವಿಯಲ್ಲಿ ಹೊಳೆಯಿಂದ ಬಟ್ಟೆ ಒಗೆದುಕೊಂಡು ಬರುತ್ತಿದ್ದ ಅಜ್ಜಿಗೆ ಎರಡೂ ರೆಂಬೆ ತೋರಿಸಿದೆ, ಶಮಿಯದು ಮತ್ತು ಇದು.

"ಎರಡೂ ಬನ್ನಿನ."

"ಫರಕ್ ಇಲ್ಲೇನಬೇ?"

"ಎರಡೂ ಚುಚ್ಚತಾವ," ಎಂದಳು ಅಜ್ಜಿ. "ಹಿಡಕೊಂಡು ನಿಂತಾಕಿ ನೀನು. ನನ್ನನ್ನ್ಯಾಕ ಕೇಳ್ತಿ?"

ಇದನ್ನೆಲ್ಲ ತಂದು ಆಚಾರ್ ಸರ್ ಮುಂದಿಟ್ಟೆ. ಅವರು ಪುಟ ನೋಡಿದರು, ಕೆಂಪು ಪೆನ್ಸಿಲ್ ಎತ್ತಲಿಲ್ಲ.

"ಇದು ಮಂದಿ ಅಜ್ಞಾನ ಮೇಡಂ."

"ಮೂರೂರು, ಮೂರು ಬಾಯಿ ಅಂತ ನೀವ ಹೇಳಿದ್ರಿ."

"ಗೊತ್ತಿದ್ದ ಬಾಯಿಗೆ ಆ ನೇಮ. ತಪ್ಪು ಹೇಳೋ ಬಾಯಿಗಲ್ಲ."

"ಹುಸಿ ಬನ್ನಿ ಅಂತ ಯಾವ ಬಾಯಿ ಹೇಳ್ತು ಸರ್?"

ಅವರು ಭೂತಗನ್ನಡಿ ಒರೆಸಿಕೊಂಡರು. "ಒಂದು ಹೆಸರಿಗೆ ಒಂದು ಗಿಡ. ಇಲ್ಲಾಂದ್ರ ಪುಸ್ತಕ ಯಾಕ ಬರೀಬೇಕು? ಅದಕ್ಕ ಹೆಸರಿದ್ದಿಲ್ಲ, ನಾನಿಟ್ಟೆ."

ಅದಕ್ಕೆ ಹೆಸರಿತ್ತು. ಅವರ ಮುಂದೆಯೇ ಮೇಜಿನ ಮೇಲೆ, ಇರುವೆ ಸಾಲಿನಂಥ ನನ್ನ ಅಕ್ಷರದಲ್ಲಿ ಇತ್ತು.

ಇಷ್ಟೇ ಆಗಿದ್ದರೆ ಇಬ್ಬರು ಮೇಷ್ಟ್ರುಗಳ ಜಗಳ ಎಂದು ಮರೆಯುತ್ತಿದ್ದೆ. ಸೆಪ್ಟೆಂಬರಿನಲ್ಲಿ ಎರಡು ಹೊಸ ಕೋಣೆಗೆ ಮಂಜೂರಾತಿ ಬಂತು. ಜಾಗ ಎಂದರೆ ಪಶ್ಚಿಮದ್ದೇ. ಪೂರ್ವದಲ್ಲಿ ಅದಕ್ಕಿಂತ ಅಗಲದ ಜಾಗವಿತ್ತು, ಆದರೆ ಅಲ್ಲಿ ಕಟ್ಟಿದರೆ ಪ್ರಿನ್ಸಿಪಾಲರ ಕಾರು ನಿಲ್ಲಿಸುವ ಷೆಡ್ಡು ಕೀಳಬೇಕಿತ್ತು. ಪ್ರಿನ್ಸಿಪಾಲ್ ಶರಣಪ್ಪನವರಿಗೆ ಗಿಡ ಕಡಿಯಲು ಏನೂ ಸಂಕಟವಿರಲಿಲ್ಲ. ಓಣಿಯವರ ಅಂಜಿಕೆ ಇತ್ತು. ಬನ್ನಿಗೆ ಕೊಡಲಿ ಹಾಕಿದರೆ ಸುಮ್ಮನಿರುವ ಮಂದಿ ನಮ್ಮ ಸೀಮೆಯಲ್ಲಿಲ್ಲ. ಆಗ ಅವರಿಗೆ ಒಂದು ಉಪಾಯ ಹೊಳೆಯಿತು. ಕಾಲೇಜು ಕಮಿಟಿಯ ಸಭೆ ಕರೆದು ಆಚಾರ್ ಸರ್ ಅವರನ್ನೇ ಕೇಳುವುದು. ಗಿಡದ ಪುಸ್ತಕ ಬರೆದವರು, ಮೇಲಾಗಿ ಗುಡಿಯ ಮನೆತನದವರು. ಅವರು ಬನ್ನಿ ಅಲ್ಲ ಎಂದರೆ ಯಾರು ಎದುರಾಡುತ್ತಾರೆ?

ಸಭೆಯ ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವರ ಜೊತೆ ನಿಂತೆ. ಅವರದು ಮಾನ್ವಿ ಬಸ್ಸು, ನನ್ನದು ರಾಯಚೂರಿನದು. ಎರಡೂ ಬಂದಿರಲಿಲ್ಲ.

"ನಾಳೆ ಬನ್ನಿ ಅಂದುಬಿಡ್ರಿ ಸರ್. ಗಿಡ ಉಳೀತದ."

"ಸುಳ್ಳ ಹೇಳು ಅಂತೀರೇನು?"

"ಸುಳ್ಳ ಹೆಂಗಾಗ್ತದ? ಮೂರೂರಾಗೂ ಅದನ್ನೇ ಅಂತಾರ."

"ಪುಸ್ತಕದಾಗ ಒಂದು, ಮೀಟಿಂಗಿನ್ಯಾಗ ಒಂದು ಅನ್ನಾಕ ನಾನು ಪುಢಾರಿ ಅಲ್ಲ ಮೇಡಂ. ಎರಡನೇ ಮುದ್ರಣ ಪ್ರೆಸ್ಸಿಗೆ ಹೊಂಟದ."

"ಗಿಡ ಹೋಗ್ತದ ಸರ್."

"ಹೆಸರು ಕೆಟ್ರ ಎಲ್ಲಾ ಗಿಡಾನೂ ಹೋಗ್ತಾವ," ಎಂದರು. ಆ ಮಾತನ್ನು ಅವರು ನಂಬಿದ್ದರು. ನಂಬಿ ಹೇಳಿದ್ದರಿಂದಲೇ ನನಗೆ ಹೆಚ್ಚು ಸಿಟ್ಟು ಬಂತು.

ಅತಿಥಿ ಉಪನ್ಯಾಸಕರಿಗೆ ಕಮಿಟಿಯಲ್ಲಿ ಜಾಗವಿಲ್ಲ. ಆದರೆ ಶರಣಪ್ಪನವರು ನನ್ನನ್ನು ನಡಾವಳಿ ಬರೆಯಲಿಕ್ಕೆ ಕೂಡಿಸಿದರು. ತಪ್ಪಿಲ್ಲದೆ ಬರೆಯುತ್ತೇನೆ ಎಂಬ ಹೆಸರು ನನಗಿತ್ತು. ಕಮಿಟಿಯ ಹಿರಿಯ ಸದಸ್ಯ ಅಮರೇಗೌಡರು ನಡುವಿನ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡಿದ್ದರು.

"ಹೇಳ್ರಿ ಆಚಾರ್ ಸರ್," ಎಂದರು ಪ್ರಿನ್ಸಿಪಾಲರು. "ಹೊರಗ ನಿಂತದ್ದು ಬನ್ನಿ ಹೌದೋ ಅಲ್ಲೋ?"

ಆಚಾರ್ ಸರ್ ಎದ್ದು ನಿಂತರು. ಪಾಠ ಮಾಡುವಂತೆ ಶಮಿಯ ಮುಳ್ಳು ಹೇಗೆ, ಇದರ ಮುಳ್ಳು ಹೇಗೆ, ಶಮಿಯ ಕಾಯಿ ಹೇಗೆ, ಇದರ ಕಾಯಿ ಹೇಗೆ ಎಂದು ಹೇಳಿದರು. ಯಾರೂ ಕೇಳುತ್ತಿರಲಿಲ್ಲ. ಕೊನೆಗೆ, "ಇದಕ್ಕ ಹುಸಿ ಬನ್ನಿ ಅಂತೀವಿ," ಎಂದರು. ಅದನ್ನು ಎಲ್ಲರೂ ಕೇಳಿದರು.

ಅಮರೇಗೌಡರು ಬಾಯಲ್ಲಿದ್ದ ಎಲೆ ಒಂದು ಕಡೆಗೆ ಸರಿಸಿಕೊಂಡರು. "ಹುಸಿ ಅಂದ ಮ್ಯಾಲ ಮುಗೀತಲ್ರಿ. ಹುಸಿ ದೇವರಿಗೆ ಯಾರು ಕಾಯಿ ಒಡೀತಾ‌ರ?"

ಎಲ್ಲರೂ ನಕ್ಕರು. ನಾನು ಪೆನ್ನು ಕೆಳಗಿಟ್ಟೆ.

"ಅಂತೀವಿ ಅಂದ್ರ ಯಾರು ಸರ್? ಹುಸಿ ಅನ್ನೋದು ಆ ಗಿಡದ ಹೆಸರಲ್ರಿ. ಅದು ಸರ್ ಇಟ್ಟದ್ದು. ಊರಾಗ ಎಲ್ಲಾರೂ ಬನ್ನಿ ಅಂತಾರ. ನನ್ನ ಹತ್ರ ಲೆಕ್ಕ ಅದ."

ಶರಣಪ್ಪನವರು ಕನ್ನಡಕದ ಮೇಲಿಂದ ನೋಡಿದರು. "ನಿಮಗ್ಯಾಕ್ರಿ ಮೇಡಂ ಬನ್ನಿ ಉಸಾಬರಿ? ನಿಮ್ಮ ಮಂದ್ಯಾಗ ಬನ್ನಿ ಕೊಡೋ ಪದ್ಧತಿ ಅದೇನು?"

"ಪ್ರಿನ್ಸಿಪಾಲರ," ಎಂದರು ಆಚಾರ್ ಸರ್, ಧ್ವನಿ ಏರಿಸದೆ. "ಅವರು ಜೀವಶಾಸ್ತ್ರದ ಮಾತಾಡಾಕತ್ಯಾರ. ಮಂದಿ ಮಾತು ನಡುವ ತರಬ್ಯಾಡ್ರಿ."

ಒಂದು ಕ್ಷಣ ನನಗೆ ಗಿಡ ಉಳಿಯಿತು ಅನ್ನಿಸಿತು.

"ಆದ್ರ," ಎಂದರು ಆಚಾರ್ ಸರ್, ನನ್ನ ಕಡೆ ನೋಡದೆ, "ಮೇಡಂ ಹೇಳೋದು ತಪ್ಪು."

ನಡಾವಳಿ ಬರೆಯಬೇಕಿತ್ತು. ಪ್ರಿನ್ಸಿಪಾಲರು ಒಂದೊಂದೇ ಪದ ಬಿಡಿಸಿ ಹೇಳಿದರು, ನಾನು ಬರೆದೆ. "ಸದರಿ ಗಿಡವು ಹುಸಿ ಬನ್ನಿ ಎಂದು ತಜ್ಞರಿಂದ ತಿಳಿದುಬಂದಿರುವುದರಿಂದ." ಆ ಹೆಸರನ್ನು ನಾನು ಬರೆದದ್ದು ಅದೇ ಮೊದಲು.

ಹೊರಗೆ ಬಂದ ಮೇಲೆ ಆಚಾರ್ ಸರ್ ಹಿಂದಿನಿಂದ ಬಂದು ಸೇರಿದರು. "ಸಿಟ್ಟಾಗಬ್ಯಾಡ್ರಿ. ನಾನು ಗಿಡ ಕಡೀರಿ ಅಂತ ಹೇಳಿಲ್ಲ. ಹೆಸರು ಹೇಳೀನಿ ಅಷ್ಟ." ನಾನು ಗೇಟಿನ ಕಡೆ ನಡೆದೆ. ಅವರ ಜೊತೆ ಮಾತು ಬಿಟ್ಟದ್ದು ಆ ದಿನದಿಂದ. ಪಾಠಕ್ಕೆ, ಹಾಜರಿಗೆ ಎಷ್ಟು ಬೇಕೋ ಅಷ್ಟು, ಅದೂ ಮೌನೇಶನ ಕೈಯಲ್ಲಿ ಹೇಳಿಕಳಿಸಿ.

ನವರಾತ್ರಿ ಬರುವುದರೊಳಗೆ ಕಡಿದುಬಿಡಬೇಕೆಂದು ಅವಸರ ಮಾಡಿದರು. ಭಾನುವಾರ ಮಷೀನು ತರಿಸಿದರು. ಸೋಮವಾರ ಬೆಳಿಗ್ಗೆ ನಾನು ಬಸ್ಸಿಳಿದು ಗೇಟು ದಾಟಿದಾಗ ಪಶ್ಚಿಮದ ಆಕಾಶ ಬೋಳಾಗಿ ಕಾಣಿಸಿತು. ಬೊಡ್ಡೆಯ ಒಳಗೆಲ್ಲ ಕೆಂಪು. ಹಸಿ ಕಟ್ಟಿಗೆಯ ಒಗರು ವಾಸನೆ ಮೂಗಿನೊಳಗೆ ಕೂತಿತು. ಕುಂಕುಮದ ಕಲ್ಲನ್ನು ಯಾರೋ ಕಾಂಪೌಂಡಿನ ಮೂಲೆಗೆ ಒತ್ತಿ ಇಟ್ಟಿದ್ದರು. ನಾನು ಬಗ್ಗಿ ಬೊಡ್ಡೆಯ ಉಂಗುರಗಳನ್ನು ಎಣಿಸತೊಡಗಿದೆ. ಏನಾದರೂ ಎಣಿಸದಿದ್ದರೆ ಅಳು ಬರುತ್ತಿತ್ತು.

"ಎಣಸಬ್ಯಾಡ್ರಿ," ಎಂದು ಹಿಂದಿನಿಂದ ಮಾತು ಬಂತು. "ನಮ್ಮ ಬಿಸಿಲ ನಾಡಿನ ಗಿಡಕ್ಕ ವರ್ಷಕ್ಕೊಂದು ಉಂಗುರ ಅಂತ ನೆಟ್ಟಗ ಬೀಳಂಗಿಲ್ಲ. ಲೆಕ್ಕ ತಪ್ಪತದ."

ಅಲ್ಲಿಯೂ ಅವರದೇ ಸರಿ. ಅವರು ಬಿದ್ದ ರೆಂಬೆಗಳ ನಡುವೆ ಹುಡುಕಿ, ಕಾಯಿ ಇದ್ದ ಒಂದು ಟೊಂಗೆ ಮುರಿದು, ಚೀಲದಿಂದ ಪೇಪರು ತೆಗೆದು ಅದರ ನಡುವೆ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟರು. "ಇಷ್ಟು ವರ್ಷ ಅಂಗಳದಾಗ ಇದ್ರೂ ಇದರ ಮಾದರಿ ನಮ್ಮ ಕಪಾಟಿನ್ಯಾಗ ಇದ್ದಿಲ್ಲ ನೋಡ್ರಿ," ಎಂದರು. ಸತ್ತವರ ಮನೆಗೆ ಬಂದು ಫೋಟೋ ಕೇಳಿದ ಹಾಗೆ.

ಆ ವಾರವೇ ನವರಾತ್ರಿ ಶುರುವಾಗಿ, ಬನ್ನಿ ಪೂಜೆಗೆಂದು ಓಣಿಯ ಹೆಂಗಸರು ದೀಪದ ತಟ್ಟೆ ಹಿಡಿದು ಬಂದರು. ಮೌನೇಶ ಗೇಟಿನಲ್ಲಿ ನಿಂತು, ಅದು ಹುಸಿ ಇತ್ತಂತ್ರಿ, ಆಚಾರ್ರು ಹೇಳ್ಯಾರ ಎಂದ. ಅವರಲ್ಲಿ ಒಬ್ಬ ವಯಸ್ಸಾದಾಕೆ ಬೊಡ್ಡೆ ನೋಡಿದಳು, ಮೌನೇಶನನ್ನು ನೋಡಿದಳು.

"ಹಂಗಾದ್ರ ಇಷ್ಟು ದಿನ ನಾವು ಕೈ ಮುಗದದ್ದು ಯಾರಿಗಪ್ಪ?"

ಅವನು ನನ್ನ ಕಡೆ ನೋಡಿದ. ನಾನು ಪ್ರಯೋಗಾಲಯದ ಒಳಗೆ ಹೋದೆ. ಮೇಜಿನ ಮೇಲೆ ಬಿಸಿಲು ಬಿದ್ದಿತ್ತು.

ದಸರಾ ರಜೆ ಮುಗಿದು ಕಾಲೇಜು ತೆರೆದ ದಿನ ಆಚಾರ್ ಸರ್ ಚೀಲ ತುಂಬ ಶಮಿ ಎಲೆ ತಂದಿದ್ದರು, ಚೀಕಲಪರ್ವಿಯ ಹೊಳೆದಂಡೆಯದು. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರ ಕೈಗೂ ಇಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣ ಎನ್ನುತ್ತ ಬಂದರು. ವರ್ಷವಿಡೀ ಮುಖ ನೋಡದವರೂ ಆ ದಿನ ಎಲೆ ಇಸಿದುಕೊಳ್ಳುತ್ತಾರೆ. ಹೊಲದ ಬದುವಿಗೆ ಬಡಿದಾಡಿದ ಅಣ್ಣತಮ್ಮಂದಿರೂ ಇಸಿದುಕೊಳ್ಳುತ್ತಾರೆ. ಬನ್ನಿ ಬೇಡ ಎಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ತಗೋರಿ ಮೇಡಂ. ಬಂಗಾರದಂಗ ಇರೋಣ."

ನನ್ನ ಎರಡೂ ಕೈ ಮೇಜಿನ ಮೇಲೆಯೇ ಇದ್ದವು. "ಯಾವ ಬನ್ನಿ ಸರ್ ಇದು?"

"ಖರೇದು."

"ಖರೇದು ನಿಮ್ಮ ಹತ್ರನ ಇರಲಿ."

ಯಾರೋ ಕುರ್ಚಿ ಎಳೆದ ಸದ್ದಾಯಿತು. ಅವರ ಕೈ ಸ್ವಲ್ಪ ಹೊತ್ತು ಹಾಗೆಯೇ ಚಾಚಿತ್ತು. ಆಮೇಲೆ ಎಲೆಗಳನ್ನು ನನ್ನ ಹಾಜರಿ ಪುಸ್ತಕದ ಮೇಲಿಟ್ಟು ಮುಂದೆ ಹೋದರು. ನಾನು ಪುಸ್ತಕ ಎತ್ತಿ, ಓರೆ ಮಾಡಿ, ಎಲೆ ನೆಲಕ್ಕೆ ಬೀಳಿಸಿ ಕ್ಲಾಸಿಗೆ ಹೋದೆ.

ಆ ಸಂಜೆ ಮನೆಯಲ್ಲಿ ಹೇಳಿದಾಗ ಅಬ್ಬಾ ಮೆಣಸಿನಕಾಯಿ ಚೀಲದ ದಾರ ಕಟ್ಟುವುದು ನಿಲ್ಲಿಸಿದರು. ಬಜಾರಿನಲ್ಲಿ ಅಕ್ಕಪಕ್ಕದ ಅಂಗಡಿಯವರಿಂದ ಪ್ರತಿ ವರ್ಷ ಬನ್ನಿ ಇಸಿದುಕೊಂಡು ಗಲ್ಲಾದಲ್ಲಿ ಇಟ್ಟುಕೊಳ್ಳುವವರು ಅವರು. "ಹಾತ್ ಮೆ ದಿಯೇ ಸೋ ಪತ್ತಾ ನಕ್ಕೋ ಬೋಲಿ ಕ್ಯಾ?" ಎಂದು ಕೇಳಿದರು. ಕೈಗೆ ಕೊಟ್ಟ ಎಲೆಯನ್ನು ಬೇಡ ಎಂದೆಯಾ?

"ಹೌ, ಅಬ್ಬಾ."

ಅವರು ಬೈಯಲಿಲ್ಲ. ರಾತ್ರಿಯ ಊಟದವರೆಗೂ ನನ್ನ ಜೊತೆ ಮಾತಾಡಲಿಲ್ಲ, ಅಷ್ಟೇ. ಅದು ತಪ್ಪು ಎಂದು ಅವರಿಗೆ ಈಗಲೂ ಅನ್ನಿಸುತ್ತದೆ. ನನಗೆ ಅನ್ನಿಸುವುದಿಲ್ಲ.

ಚಳಿಗಾಲದ ಕೊನೆಗೆ ಎರಡನೆಯ ಮುದ್ರಣ ಬಂತು. ಒಳ್ಳೆಯ ಕಾಗದ, ಬಣ್ಣದ ಚಿತ್ರಗಳು. ಮೌನೇಶ ನನ್ನ ಮೇಜಿನ ಮೇಲೆ ಒಂದು ಪ್ರತಿ ಇಟ್ಟು ಹೋದ. ನಾನು ನೇರ ಆ ಪುಟಕ್ಕೆ ಹೋದೆ. ಚಿತ್ರ ನಮ್ಮ ಅಂಗಳದ ಗಿಡದ್ದೇ, ಎಲೆ ತುಂಬಿ ನಿಂತದ್ದು. ಅದರ ಕೆಳಗೆ: "ಹುಸಿ ಬನ್ನಿ (ಕಲ್ಮಲ, ಮಲ್ಲಟ, ಚೀಕಲಪರ್ವಿ). ಹೆಸರು ಸಂಗ್ರಹ: ರೇಷ್ಮಾ ಬೇಗಂ."

ಎರಡು ಸಲ ಓದಿದೆ. ಮೊದಲ ಮುದ್ರಣದಲ್ಲಿ ಖಾಲಿ ಇದ್ದ ಜಾಗ ತುಂಬಿತ್ತು. ನಾನು ನಡೆದ ಮೂರು ಊರು, ನಾನು ಕೇಳಿದ ಬಾಯಿಗಳು, ಆ ಬಾಯಿಗಳು ಎಂದೂ ಆಡದ ಮಾತು.

ಮರುದಿನ ಭಾನುವಾರ. ಮಾನ್ವಿಗೆ ಹೋದೆ. ಗುಡಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಅವರ ಹೆಂಡತಿ ಒಳಗೆ ಕರೆದು ಚಾಪೆ ಹಾಸಿದರು, ಮನೆಯವರೆಲ್ಲ ಕುಡಿಯುವ ಸ್ಟೀಲ್ ಲೋಟದಲ್ಲೇ ಚಹಾ ತಂದಿಟ್ಟರು. ಆಚಾರ್ ಸರ್ ಪಡಸಾಲೆಯಲ್ಲಿ ಪೇಪರಿನ ಕಟ್ಟುಗಳ ನಡುವೆ ಕೂತಿದ್ದರು. ನನ್ನನ್ನು ನೋಡಿ ಅವರಿಗೆ ಖುಷಿಯಾಗಿತ್ತು. ಥ್ಯಾಂಕ್ಸ್ ಹೇಳಲು ಬಂದೆ ಎಂದುಕೊಂಡಿದ್ದರು.

"ಯಾರೂ ಅನ್ನಲಾರದ ಮಾತನ್ನ ನನ್ನ ಹೆಸರಿನ್ಯಾಗ ಹಾಕೀರಿ ಸರ್."

"ರೆಂಬಿ ತಂದಾಕಿ ನೀವು. ಆ ರೆಂಬಿ ಹೆಸರು ಹುಸಿ ಬನ್ನಿ. ಇದರಾಗ ಸುಳ್ಳೇನದ?"

"ಅವರು ಬನ್ನಿ ಅಂದ್ರು."

"ಅವರು ಏನನ್ನಬೇಕಿತ್ತೋ ಅದನ್ನ ಹಾಕೀನಿ."

"ನನ್ನ ಹೆಸರು ತಗೀರಿ."

"ಅಚ್ಚಾಗ್ಯಾದ. ಶಾಲಿಗಳಿಗೆ ಹೋಗ್ಯಾವ." ಅವರು ಪೇಪರಿನ ಕಟ್ಟೊಂದನ್ನು ಬಿಗಿದು ಗಂಟು ಹಾಕಿದರು. "ಮೇಡಂ, ಹತ್ತು ವರ್ಷ ಹೋಗಲಿ. ಪುಸ್ತಕ ಓದಿದ ಹುಡುಗ್ರು ತಮ್ಮ ತಮ್ಮ ಊರಿಗೆ ಹೋಗ್ತಾರ. ಆಗ ಎಲ್ಲಾರ ಬಾಯಾಗೂ ಇದೇ ಬರ್ತದ. ನಿಮ್ಮ ಲೆಕ್ಕ ಖರೇ ಆಗ್ತದ."

"ಕಡದ ಗಿಡ?"

"ಅದಕ್ಕ ಹೆಸರುಳೀತಲ್ರಿ."

ಅದನ್ನು ಅವರು ಸಮಾಧಾನ ಎಂದು ಹೇಳಿದರು. ನಾನು ಎದ್ದೆ. ಚಹಾ ಲೋಟದಲ್ಲಿ ಕೆನೆಗಟ್ಟಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಲೋಟದ ಕಡೆ ನೋಡಿದರು.

ಆಚಾರ್ ಸರ್ ಅಂಗಳದವರೆಗೆ ಬಂದರು. ಗೋಡೆಯ ಬದಿಗೆ ಕುಂಡವೊಂದರಲ್ಲಿ ತುಳಸಿಯಂಥದೇ ಒಂದು ಸಣ್ಣ ಗಿಡವಿತ್ತು, ಕಾಮಕಸ್ತೂರಿ. ಅವರು ಒಂದು ತುದಿ ಚಿವುಟಿ ನನ್ನ ಕಡೆ ಹಿಡಿದರು. ಅಷ್ಟೆಲ್ಲ ಆದ ಮೇಲೂ ಅವರ ಕಣ್ಣಲ್ಲಿ ಅದೇ ಆಸೆ ಇತ್ತು.

"ಮೂರನೇ ಮುದ್ರಣಕ್ಕ ಇದೊಂದು ಉಳದದ. ನಿಘಂಟಿನ ಹೆಸರು ಬ್ಯಾಡ. ನಿಮ್ಮ ಮನ್ಯಾಗ ಇದಕ್ಕ ಏನಂತೀರಿ?"

ನನಗೆ ಗೊತ್ತಿತ್ತು. ನಮ್ಮ ದಾದಿಯ, ಅಂದರೆ ಅಬ್ಬಾನ ತಾಯಿಯ, ಗೋರಿಯ ಮೇಲೆ ಪ್ರತಿ ಮಳೆಗಾಲಕ್ಕೂ ಅದರ ಬೀಜ ಉದುರಿಸಿ ಬರುತ್ತೇವೆ. ಮನೆಯಲ್ಲಿ ನಾವು ಅದಕ್ಕೆ ಅನ್ನುವ ಹೆಸರು ಯಾವ ನಿಘಂಟಿನಲ್ಲೂ ಇಲ್ಲ. ದಾದಿಯಿಂದ ಅಬ್ಬಾಗೆ, ಅಬ್ಬಾನಿಂದ ನನಗೆ ಬಂದದ್ದು.

"ಗೊತ್ತಿಲ್ಲ ಸರ್," ಎಂದೆ.

ಆ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಅವರು ಇನ್ನೂ ಓದುತ್ತಾರೆ.